ಒಂಬತ್ತು ಅಂಕಿಯ ಟೈಮ್‌ಸ್ಟ್ಯಾಂಪನ್ನು ಅಳೆದು ನೋಡಿದಾಗ

ಒಂದೇ ಕಂಪ್ಯೂಟರಿನ ಎರಡು ಪ್ರೋಗ್ರಾಂಗಳ ಲಾಗ್ (ಏನೇನು ನಡೆಯಿತು ಅನ್ನುವ ದಾಖಲೆ) ಸೇರಿಸಿ, ಯಾವುದು ಮೊದಲು ನಡೆಯಿತು ಅಂತ ನೋಡಬೇಕಿತ್ತು. ಟೈಮ್‌ಸ್ಟ್ಯಾಂಪ್, ಅಂದರೆ ಪ್ರತಿ ಸಾಲಿನಲ್ಲಿ ಬರೆದಿರುವ ಸಮಯದ ಪ್ರಕಾರ ಜೋಡಿಸಿದರೆ ಎಷ್ಟೋ ಸಾಲುಗಳಿಗೆ ಕೊನೆಯ ಅಂಕಿಯವರೆಗೂ ಒಂದೇ ಸಮಯ. ಅಷ್ಟೂ ಕೆಲಸ ಒಂದೇ ಕ್ಷಣದಲ್ಲಿ ಆಗಲು ಸಾಧ್ಯವಿಲ್ಲ, ಅಲ್ವಾ?

ಹಾಗಾಗಿ ಗಡಿಯಾರವನ್ನೇ ಅಳೆದೆ. ಲೂಪ್‌ನಲ್ಲಿ ಸುಮ್ನೆ ಸಮಯ ಓದುತ್ತಾ ಹೋಗುವುದು, ಅದು ಬದಲಾದಾಗ ಮಾತ್ರ ಎಷ್ಟು ಮುಂದೆ ಹೋಯಿತು ಅಂತ ಪ್ರಿಂಟ್ ಮಾಡುವುದು. ವಿಂಡೋಸ್‌ನ ಹಳೆಯ ಫಂಕ್ಷನ್ 100 ನ್ಯಾನೊಸೆಕೆಂಡ್ ಲೆಕ್ಕದಲ್ಲಿ ಸಮಯ ಕೊಡುತ್ತದೆ. ಆದರೆ ಅದು ಮುಂದಕ್ಕೆ ಹೋಗುತ್ತಿದ್ದದ್ದು ಸುಮಾರು 15.6 ಮಿಲಿಸೆಕೆಂಡಿಗೊಮ್ಮೆ, ಅಂದರೆ ಸೆಕೆಂಡಿಗೆ 64 ಸಲ. ಬೇರೆ ಯಾವುದಾದರೂ ಪ್ರೋಗ್ರಾಂ ಟೈಮರ್ ವೇಗ ಹೆಚ್ಚಿಸಿದ್ದರೆ ಈ ಅಂತರ ಕಡಿಮೆಯಾಗುತ್ತದೆ. ಅದಕ್ಕೇ ಎಲ್ಲವನ್ನೂ ಮುಚ್ಚಿ ಅಳೆಯಬೇಕು. ವಿಂಡೋಸ್ 8ರಿಂದ ಇರುವ ಗೆಟ್‌ಸಿಸ್ಟಮ್‌ಟೈಮ್‌ಪ್ರಿಸೈಸ್‌ಆಸ್‌ಫೈಲ್‌ಟೈಮ್ ಎಂಬ ಹೊಸ ಫಂಕ್ಷನ್ ಬಳಸಿದಾಗ ಅಂತರ ಒಂದು ಮೈಕ್ರೊಸೆಕೆಂಡಿಗಿಂತ ಕೆಳಗಿಳಿಯಿತು.

ಫೈಲುಗಳ ಸಮಯ ಇನ್ನೂ ಕುತೂಹಲದ್ದು. ಲಿನಕ್ಸ್‌ನ ಎಕ್ಸ್‌ಟ್4 (ಡಿಸ್ಕಿನಲ್ಲಿ ಫೈಲುಗಳನ್ನು ಇಡುವ ವ್ಯವಸ್ಥೆ) ಸಮಯವನ್ನು ನ್ಯಾನೊಸೆಕೆಂಡ್ ತನಕ, ಅಂದರೆ ಸೆಕೆಂಡಿನ ನಂತರ ಒಂಬತ್ತು ಅಂಕಿ ಬರೆದಿಡುತ್ತದೆ. ಸಣ್ಣ ಸಣ್ಣ ಫೈಲುಗಳನ್ನು ಒಂದರ ಹಿಂದೆ ಒಂದು ಬರೆದು ಫೈಲಿನ ಸಮಯ ತೋರಿಸುವ ಸ್ಟ್ಯಾಟ್ ಕಮಾಂಡ್ ಕೊಟ್ಟೆ. ಅಕ್ಕಪಕ್ಕದ ಫೈಲುಗಳಿಗೆ ಒಂಬತ್ತೂ ಅಂಕಿ ಒಂದೇ! ಫೈಲ್ ಬರೆದಾಗಲೆಲ್ಲ ಹೊಸದಾಗಿ ಗಡಿಯಾರ ನೋಡಿದರೆ ಖರ್ಚು ಜಾಸ್ತಿ. ಅದಕ್ಕೆ ಕರ್ನಲ್ (ಲಿನಕ್ಸ್‌ನ ತಿರುಳು) ಹಿಂದಿನ ಟಿಕ್‌ನಲ್ಲಿ, ಅಂದರೆ ನಿಗದಿತ ಅಂತರದ ಟೈಮರ್ ಬಡಿತದಲ್ಲಿ, ಗುರುತು ಹಾಕಿಕೊಂಡ ಸಮಯವನ್ನೇ ಕೊಟ್ಟುಬಿಡುತ್ತದೆ. ಸೆಕೆಂಡಿಗೆ 250 ಟಿಕ್ ಇದ್ದರೆ 4 ಮಿಲಿಸೆಕೆಂಡ್ ಒಳಗಿನ ಫೈಲುಗಳೆಲ್ಲ ಅವಳಿ ಮಕ್ಕಳ ಹಾಗೆ. ಫ್ಯಾಟ್32 ಮೆಮೊರಿ ಕಾರ್ಡ್ ಆದರೆ ಇನ್ನೂ ಒರಟು. ಅಲ್ಲಿ ಸೆಕೆಂಡಿಗೆ ಮೀಸಲಿಟ್ಟಿರುವುದು 5 ಬಿಟ್. ಅದರಲ್ಲಿ 32 ಸಂಖ್ಯೆ ಮಾತ್ರ ಹಿಡಿಯುತ್ತದೆ, ನಿಮಿಷದ 60 ಸೆಕೆಂಡಿಗೆ ಸಾಲದು. ಹಾಗಾಗಿ ಫೈಲ್ ಬದಲಾದ ಸಮಯ ಎರಡು ಸೆಕೆಂಡಿನ ಲೆಕ್ಕದಲ್ಲಿ ಇರುತ್ತದೆ.

ಪೈಥಾನ್‌ನಲ್ಲಿ ಟೈಮ್.ಟೈಮ್ ಕೊಡುವುದು ಫ್ಲೋಟ್, ಅಂದರೆ ಇಂತಿಷ್ಟೇ ಅಂಕಿ ಹಿಡಿಯುವ ದಶಮಾಂಶ ಸಂಖ್ಯೆ. 1970ರಿಂದ ಎಣಿಸಿದ ಸೆಕೆಂಡುಗಳು ಈಗ ಎಷ್ಟು ದೊಡ್ಡದಾಗಿವೆ ಅಂದರೆ, ಫ್ಲೋಟ್‌ನಲ್ಲಿ ಸುಮಾರು 0.24 ಮೈಕ್ರೊಸೆಕೆಂಡಿಗಿಂತ ಸಣ್ಣ ವ್ಯತ್ಯಾಸ ಉಳಿಯುವುದಿಲ್ಲ. ಅದಕ್ಕಿಂತ ಸೂಕ್ಷ್ಮ ಬೇಕಿದ್ದಲ್ಲಿ ಪೈಥಾನ್ 3.7ರಲ್ಲಿ ಬಂದ ಟೈಮ್_ಎನ್ಎಸ್ ಹಾಕಿದೆ.

ಇನ್ನು ಅವಧಿ ಅಳೆಯುವಲ್ಲೆಲ್ಲ ಮೊನೊಟೊನಿಕ್ ಗಡಿಯಾರವೇ. ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ) ಸಮಯ ಸರಿಪಡಿಸುವಾಗ ಮಾಮೂಲಿ ಗಡಿಯಾರ ಹಿಂದಕ್ಕೂ ಹೋಗಬಹುದು, ಇದು ಹೋಗುವುದಿಲ್ಲ. ಲಾಗ್‌ನ ಪ್ರತಿ ಸಾಲಿಗೂ ಎರಡೂ ಪ್ರೋಗ್ರಾಂ ಹಂಚಿಕೊಳ್ಳುವ ಒಂದೇ ಕೌಂಟರಿನಿಂದ ಕ್ರಮಸಂಖ್ಯೆ ಸೇರಿಸಿದೆ. ಈಗ ಸಾಲುಗಳನ್ನು ಜೋಡಿಸುವುದು ಆ ಸಂಖ್ಯೆಯ ಪ್ರಕಾರ. ಟೈಮ್‌ಸ್ಟ್ಯಾಂಪ್ ಇರುವುದು ಯಾವ ಹೊತ್ತಿನಲ್ಲಿ ನಡೆದದ್ದು ಅಂತ ತಿಳಿಯಲಿಕ್ಕೆ.