ಮೊದಲ ಮೈಲಿ ಮುಗಿಸಿ, ಆಮೇಲೆ ‘ಎಕ್ಸ್‌ಟ್ರಾ ಮೈಲ್’

‘ಐ ವಿಲ್ ಡೂ ಎಕ್ಸ್‌ಟ್ರಾ ಮೈಲ್ ಫಾರ್ ಯುವರ್ ಕಂಪನಿ.’

ಕೆಲಸದ ಅರ್ಜಿ ತಿದ್ದಿಕೊಡಿ ಎಂದು ಕಳೆದ ತಿಂಗಳು ನನ್ನ ಬಳಿ ಬಂದ ಹುಡುಗಿಯ ಪತ್ರದ ಕೊನೆಯ ಸಾಲು ಇದು. ಬಿ.ಕಾಂ. ಮುಗಿಸಿದ್ದಾಳೆ, ಲೆಕ್ಕದಲ್ಲಿ ಚುರುಕು, ಕೆಲಸ ಸಿಗಲೇಬೇಕಾದ ಮನೆ. ಓದುವವರ ಕಣ್ಣಿಗೆ ಅವಳ ಚುರುಕು ಬೀಳುವ ಮೊದಲು ಈ ತಪ್ಪೇ ಬೀಳುತ್ತದಲ್ಲ ಎಂದು ಸಂಕಟವಾಯಿತು. ವರ್ಷಗಟ್ಟಲೆ ಇಂಥ ಪತ್ರಗಳನ್ನು ತಿದ್ದಿದ್ದೇನೆ. ಈ ನುಡಿಗಟ್ಟಿನಲ್ಲಿ ಎಲ್ಲರೂ ಎಡವುವ ಜಾಗಗಳು ಹೆಚ್ಚುಕಡಿಮೆ ಅವೇ. ಅದಕ್ಕೇ ಒಂದೊಂದಾಗಿ ಹೇಳುತ್ತೇನೆ.

ಹಂತ 1: ಪದಗಳನ್ನು ಸರಿಯಾಗಿ ಜೋಡಿಸಿ

‘ಗೋ ದಿ ಎಕ್ಸ್‌ಟ್ರಾ ಮೈಲ್.’ ಮಾಡಲೇಬೇಕಾದದ್ದಕ್ಕಿಂತ ಹೆಚ್ಚನ್ನು ಮನಸಾರೆ ಮಾಡುವುದು ಎಂದರ್ಥ. ಮೈಲಿಯನ್ನು ನಡೆಯುತ್ತೇವೆ, ಮಾಡುವುದಿಲ್ಲ. ಹಾಗಾಗಿ ‘ಡೂ’, ‘ಗಿವ್’, ‘ಪುಟ್’ ಯಾವುದೂ ಬೇಡ. ನಡುವಿನ ‘ದಿ’ ಬಿಡಬೇಡಿ. ಅದರ ಜಾಗದಲ್ಲಿ ‘ದಟ್’ ಬಂದರೂ ನಡೆಯುತ್ತದೆ. ‘ಮೈಲ್ಸ್’ ಎಂದು ಬಹುವಚನ ಮಾಡಿದರೆ ವಿಮಾನ ಕಂಪನಿಗಳು ಕೊಡುವ ಪಾಯಿಂಟ್‌ಗಳ ಲೆಕ್ಕವಾಗಿಬಿಡುತ್ತದೆ. ಭೂತಕಾಲಕ್ಕೆ ‘ವೆಂಟ್’. ಕಿಲೋಮೀಟರ್ ಬಂದು ಎಷ್ಟೋ ಕಾಲವಾದರೂ ನಾವು ಮೈಲಿಗಲ್ಲು ಅನ್ನುವುದನ್ನು ಬಿಟ್ಟಿಲ್ಲ. ಇಲ್ಲಿಯೂ ಹಾಗೇ, ಮೈಲ್ ಮೈಲೇ.

ಹಂತ 2: ಆ ಮೈಲಿ ಎಲ್ಲಿಂದ ಬಂತು ಎಂದು ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ. ಮುಂದಿನ ಹಂತದ ಕೀಲಿ ಇಲ್ಲಿದೆ.

ಬೈಬಲ್ಲಿನ ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ, 41ನೇ ವಚನ. ಬೆಟ್ಟದ ಮೇಲೆ ಕುಳಿತು ಯೇಸು ಉಪದೇಶ ಮಾಡುವ ಸಂದರ್ಭ. ಒಂದು ಮೈಲಿ ಬಾ ಎಂದು ಯಾರಾದರೂ ನಿನ್ನನ್ನು ಬಲವಂತ ಮಾಡಿದರೆ ಅವನ ಜೊತೆ ಎರಡು ಮೈಲಿ ಹೋಗು ಎಂಬುದು ಆ ಮಾತಿನ ಸಾರ. ಆಗ ಆ ಸೀಮೆಯಲ್ಲಿ ರೋಮನ್ನರ ಆಳ್ವಿಕೆ. ದಾರಿಯಲ್ಲಿ ಸಿಕ್ಕವನನ್ನು ಹಿಡಿದು ಹೊರೆ ಹೊರಿಸುವುದು ಸೈನಿಕರಿಗೆ ಮಾಮೂಲು. ನಮ್ಮ ಭಾಷೆಯಲ್ಲಿ ಅದಕ್ಕೆ ನೇರ ಪದವಿದೆ: ಬಿಟ್ಟಿ. ವಚನದ ಗ್ರೀಕ್ ಮೂಲದಲ್ಲಿ ಬಲವಂತಕ್ಕೆ ಬಳಸಿದ ಕ್ರಿಯಾಪದವೇ, ಮುಂದೆ ಯೇಸುವಿನ ಶಿಲುಬೆಯನ್ನು ಕುರೇನ್ಯದ ಸೀಮೋನ ಎಂಬವನ ಹೆಗಲಿಗೆ ಹೊರಿಸುವಾಗಲೂ ಬರುತ್ತದೆ. ರೋಮನ್ ಮೈಲಿ ಎಂದರೆ ಸಾವಿರ ಜೋಡಿಹೆಜ್ಜೆ, ಸುಮಾರು 1,480 ಮೀಟರ್. ಬಿಸಿಲಲ್ಲಿ ಬೇರೆಯವನ ಮೂಟೆ ಹೊತ್ತು ಅಷ್ಟು ದೂರ.

1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಆ ವಚನದಲ್ಲಿ ‘ಎಕ್ಸ್‌ಟ್ರಾ’ ಎಂಬ ಪದವೇ ಇಲ್ಲ, ‘ಟ್ವೇನ್’, ಅಂದರೆ ಎರಡು, ಎಂದಷ್ಟೇ ಇದೆ. ‘ಎಕ್ಸ್‌ಟ್ರಾ’ ಆಮೇಲೆ ಸೇರಿಕೊಂಡಿತು.

ಹಂತ 3: ಮೊದಲ ಮೈಲಿ ಯಾವುದು ಎಂದು ಕೇಳಿಕೊಳ್ಳಿ

ಮುಕ್ಕಾಲು ಪಾಲು ಜನ ಮುಗ್ಗರಿಸುವುದು ಇಲ್ಲೇ. ವ್ಯಾಕರಣ ಸರಿಯಿರುತ್ತದೆ, ಅರ್ಥ ಕೆಟ್ಟಿರುತ್ತದೆ.

ಮೊದಲ ಮೈಲಿ ಸೈನಿಕನದು. ಅದನ್ನು ನಡೆಯದೆ ವಿಧಿಯಿಲ್ಲ. ಎರಡನೆಯ ಮೈಲಿ ಮಾತ್ರ ನಡೆಯುವವನದು. ಆದ್ದರಿಂದ ಈ ನುಡಿಗಟ್ಟು ಬರೆಯುವ ಮುನ್ನ, ಈ ಕೆಲಸದಲ್ಲಿ ನಾನು ಮಾಡಲೇಬೇಕಾದದ್ದು ಎಷ್ಟು ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಅದಕ್ಕಿಂತ ಆಚೆ ಏನೂ ಉಳಿಯದಿದ್ದರೆ ನುಡಿಗಟ್ಟು ಬಳಸಬೇಡಿ. ‘ಪ್ರಾಜೆಕ್ಟ್ ಸಮಯಕ್ಕೆ ಸರಿಯಾಗಿ ಮುಗಿಸಲು ಎಕ್ಸ್‌ಟ್ರಾ ಮೈಲ್ ಹೋದೆ’ ಎಂದು ಬರೆಯುತ್ತಾರೆ. ಸಮಯಕ್ಕೆ ಮುಗಿಸುವುದು ಮೊದಲ ಮೈಲಿ. ಪರೀಕ್ಷೆಗೆಂದು ರಾತ್ರಿಯಿಡೀ ಓದಿದ್ದು ಕಷ್ಟವೇ, ಒಪ್ಪುತ್ತೇನೆ, ಆದರೆ ಅದು ಶ್ರಮ. ಅದಕ್ಕೆ ‘ವರ್ಕ್ ಹಾರ್ಡ್’ ಸಾಕು.

ಹಾಗಾದರೆ ಯಾವುದಕ್ಕೆ ಸಲ್ಲುತ್ತದೆ? ನನ್ನ ಅಜ್ಜಿ ಆಸ್ಪತ್ರೆಯಿಂದ ಮನೆಗೆ ಹೊರಟ ದಿನ ನರ್ಸ್ ಒಬ್ಬರು ಮಾತ್ರೆ, ಚೀಟಿ ಎಲ್ಲ ಒಪ್ಪಿಸಿದರು. ಅಲ್ಲಿಗೆ ಅವರ ಕರ್ತವ್ಯ ಮುಗಿಯಿತು. ಅಜ್ಜಿಗೆ ಓದಲು ಬರುವುದಿಲ್ಲ ಎಂದು ಗೊತ್ತಾದಾಗ ಅವರು ಮತ್ತೆ ಸ್ಟೂಲ್ ಎಳೆದುಕೊಂಡು ಕುಳಿತರು. ಬೆಳಗಿನ ಮಾತ್ರೆಯ ಹಾಳೆಯ ಹಿಂದೆ ಪೆನ್ನಿನಿಂದ ಒಂದು ಸೂರ್ಯ, ರಾತ್ರಿಯದಕ್ಕೆ ಒಂದು ಅರ್ಧಚಂದ್ರ, ಊಟವಾದ ಮೇಲಿನದಕ್ಕೆ ಒಂದು ತಟ್ಟೆ ಬಿಡಿಸಿದರು. ‘ಶೀ ವೆಂಟ್ ದಿ ಎಕ್ಸ್‌ಟ್ರಾ ಮೈಲ್ ಫಾರ್ ಮೈ ಗ್ರ್ಯಾಂಡ್‌ಮದರ್.’ ಇಲ್ಲಿ ಒಂದಕ್ಷರವೂ ಸುಳ್ಳಲ್ಲ.

ಇನ್ನೊಂದು ಮಾತು. ‘ಎಲ್ಲರೂ ಎಕ್ಸ್‌ಟ್ರಾ ಮೈಲ್ ಹೋಗಲೇಬೇಕು’ ಎಂದು ಆಫೀಸುಗಳಲ್ಲಿ ಮೇಲಿನವರು ಮೇಲ್ ಕಳಿಸುತ್ತಾರೆ. ಇಂಗ್ಲಿಷಿನವರೂ ಹೀಗೆ ಬರೆಯುತ್ತಾರೆ, ವ್ಯಾಕರಣದ ದೋಷವೇನಿಲ್ಲ. ಆದರೂ ನೀವು ಮೇಲಧಿಕಾರಿಯಾದರೆ ದಯವಿಟ್ಟು ಹೀಗೆ ಬರೆಯಬೇಡಿ. ಅಪ್ಪಣೆ ಕೊಟ್ಟ ಕ್ಷಣ ಎರಡನೆಯ ಮೈಲಿಯೂ ಮೊದಲನೆಯದಾಗುತ್ತದೆ, ಮತ್ತೆ ಬಿಟ್ಟಿಯಾಗುತ್ತದೆ. ಸಂಜೆ ಏಳರವರೆಗೆ ಕೂರಬೇಕಿದ್ದರೆ ಏಳರವರೆಗೆ ಎಂದೇ ಬರೆಯಿರಿ, ಓವರ್‌ಟೈಮ್ ಕೊಡಿ.

ಹಂತ 4: ನೆರೆಹೊರೆಯ ನುಡಿಗಟ್ಟುಗಳೊಡನೆ ಬೆರೆಸಬೇಡಿ

‘ಡೂ ಯುವರ್ ಬೆಸ್ಟ್’ ಎಂದರೆ ಕೈಲಾದಷ್ಟು ಮಾಡುವುದು. ಕರ್ತವ್ಯದ ಒಳಗೇ ಇದ್ದರೂ ಸರಿ. ‘ಗೋ ಔಟ್ ಆಫ್ ಯುವರ್ ವೇ’ ಎಂದರೆ ತನ್ನ ದಾರಿ ಬಿಟ್ಟು, ತೊಂದರೆ ತೆಗೆದುಕೊಂಡು ಮಾಡುವುದು. ಇದು ಕೆಟ್ಟದ್ದಕ್ಕೂ ಬರುತ್ತದೆ: ಬೇಕೆಂದೇ ಮೇಲೆ ಬಿದ್ದು ಅವಮಾನ ಮಾಡಿದವನ ಬಗ್ಗೆಯೂ ಇದೇ ಮಾತು. ಎಕ್ಸ್‌ಟ್ರಾ ಮೈಲ್ ಸಾಮಾನ್ಯವಾಗಿ ಒಳ್ಳೆಯದಕ್ಕೆ. ‘ಯುವರ್ ವೇ’ ಜಾಗದಲ್ಲಿ ‘ದ ವೇ’ ಬರೆಯಬೇಡಿ: ‘ಗೆಟ್ ಔಟ್ ಆಫ್ ದ ವೇ’ ಎಂದರೆ ದಾರಿಯಿಂದ ಪಕ್ಕಕ್ಕೆ ಸರಿ ಎಂದು.

ಬಸ್ ನಿಲ್ದಾಣದಲ್ಲಿ ಸಿಗುವ ‘ಸಾವಿರ ನುಡಿಗಟ್ಟು’ ಬಗೆಯ ಪುಸ್ತಕಗಳು ಈ ಮೂರಕ್ಕೂ ‘ಹೆಚ್ಚು ಶ್ರಮ ಪಡು’ ಎಂದು ಒಂದೇ ಅರ್ಥ ಕೊಟ್ಟು ಮುಗಿಸುತ್ತವೆ. ಕೊಳ್ಳಬೇಡಿ. ವಾಕ್ಯದಲ್ಲಿ ಬಳಸಿ ತೋರಿಸದ ನಿಘಂಟು ನುಡಿಗಟ್ಟಿನ ಮಟ್ಟಿಗೆ ಉಪಯೋಗಕ್ಕೆ ಬರುವುದಿಲ್ಲ.

ಹಂತ 5: ಕನ್ನಡಕ್ಕೆ ತರುವಾಗ ಮೈಲಿಯನ್ನು ಅಲ್ಲೇ ಬಿಡಿ

‘ನಿಮಗಾಗಿ ನಾವು ಹೆಚ್ಚುವರಿ ಮೈಲಿ ಹೋಗುತ್ತೇವೆ’ ಎಂಬ ಜಾಹೀರಾತು ಫಲಕ ನೋಡಿದ್ದೇನೆ. ಫೋನಿಗೆ ಇಂಗ್ಲಿಷ್ ಹಾಕಿ ಕನ್ನಡ ತೆಗೆದರೆ ಆಗುವುದೇ ಹೀಗೆ. ಕನ್ನಡದವರು ಯಾರೂ ಹೀಗೆ ಹೇಳುವುದಿಲ್ಲ. ‘ತಮ್ಮ ಕೆಲಸವಲ್ಲದಿದ್ದರೂ ಮಾಡಿಕೊಟ್ಟರು’, ‘ಕೇಳದೆಯೇ ಮಾಡಿದರು’ ಅನ್ನಿ. ಹೂವಿನವಳು ಮೊಳ ಅಳೆದ ಮೇಲೆ ಬೆರಳು ಸರಿಸಿ ಇನ್ನೊಂದು ನಾಲ್ಕು ಮಲ್ಲಿಗೆ ಬಿಟ್ಟು ಕತ್ತರಿಸುತ್ತಾಳಲ್ಲ, ಆ ಕೊಸರು ನನ್ನ ಪ್ರಕಾರ ಈ ಭಾವಕ್ಕೆ ಎಲ್ಲಕ್ಕಿಂತ ಹತ್ತಿರದ ಕನ್ನಡ ಪದ. ಮೊಳ ನಮ್ಮ ಹಕ್ಕು, ಕೊಸರು ಅವಳ ಮನಸ್ಸು.

ಹಂತ 6: ನಿಮ್ಮ ಬಗ್ಗೆ ನೀವೇ ಹೇಳಿಕೊಳ್ಳಬೇಡಿ

ಅರ್ಜಿಯಲ್ಲಿ ನಡೆದದ್ದನ್ನು ಬರೆಯಿರಿ. ಹೊಗಳಿಕೆಯ ಮಾತು ಬೇರೆಯವರ ಬಾಯಿಂದ ಬರಲಿ.

ಆ ಹುಡುಗಿಗೂ ಇದನ್ನೇ ಹೇಳಿ, ಆಡಿಟರ್ ಆಫೀಸಿನಲ್ಲಿ ಆರು ತಿಂಗಳು ಏನೇನು ಮಾಡಿದೆ ಎಂದು ಕೇಳಿದೆ. ‘ಏನಿಲ್ಲ ಮೇಡಂ, ಬಿಲ್ ಎಂಟ್ರಿ ಅಷ್ಟೇ’ ಅಂದಳು. ಬಿಡದೆ ಕೇಳಿದಾಗ ಬಾಯಿಬಿಟ್ಟಳು. ವಯಸ್ಸಾದ ಅಂಗಡಿಯವರೊಬ್ಬರು ಪ್ರತಿ ತಿಂಗಳೂ ಬಿಲ್ಲುಗಳನ್ನು ಒಂದು ಚೀಲಕ್ಕೆ ತುರುಕಿಕೊಂಡು ಬರುತ್ತಿದ್ದರಂತೆ. ಒಂದು ಶನಿವಾರ ಕೆಲಸ ಮುಗಿದ ಮೇಲೆ ಇವಳು ಅವರ ಅಂಗಡಿಗೇ ಹೋಗಿ, ಖಾಲಿ ಬಿಸ್ಕತ್ತಿನ ಡಬ್ಬಗಳ ಮೇಲೆ ತಿಂಗಳ ಹೆಸರು ಬರೆದು, ಬಂದ ಬಿಲ್ಲನ್ನು ಅಂದೇ ಯಾವ ಡಬ್ಬಕ್ಕೆ ಹಾಕಬೇಕೆಂದು ತೋರಿಸಿಕೊಟ್ಟು ಬಂದಿದ್ದಳು.

ಹಳೆಯ ಸಾಲು ಹೊಡೆದುಹಾಕಿ ಅಷ್ಟನ್ನೇ ಮೂರು ಸರಳ ವಾಕ್ಯಗಳಲ್ಲಿ ಬರೆಸಿದೆ. ಮರುವಾರ ಆಡಿಟರ್ ಕೊಟ್ಟ ಶಿಫಾರಸು ಪತ್ರವನ್ನು ತಂದು ತೋರಿಸಿದಳು. ಅದರ ಎರಡನೇ ಸಾಲಿನಲ್ಲಿ, ‘ದಿ’ ಸಮೇತ, ಆ ನುಡಿಗಟ್ಟು ಇತ್ತು.