ಸೇಂಟ್ ಮೇರೀಸ್ ದ್ವೀಪದಲ್ಲಿ ವಿದ್ಯಾರ್ಥಿಗಳ ಕ್ಷೇತ್ರ ಅಧ್ಯಯನ

ಮಳೆಗಾಲದಲ್ಲಿ ಮಲ್ಪೆಯಿಂದ ದೋಣಿ ಸಂಚಾರ ಇರುವುದಿಲ್ಲವಾದ್ದರಿಂದ ಪ್ರವಾಸವನ್ನು ಚಳಿಗಾಲದಲ್ಲಿ ಇಟ್ಟುಕೊಂಡು, ಸಮುದ್ರ ಇಳಿದಿರುವ ಹೊತ್ತಿಗೆ ದ್ವೀಪ ತಲುಪುವಂತೆ ದಿನವನ್ನು ಆರಿಸಬೇಕು. ಹೆಚ್ಚಿನ ಸಮಯವನ್ನು ಕಲ್ಲಿನ ಕಂಬಗಳಿಗೇ ಕೊಡುವುದು ಒಳ್ಳೆಯದು: ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಹೊರಚೆಲ್ಲಿದ ಲಾವಾ ತಣಿದು, ಕುಗ್ಗುತ್ತ ಬಿರುಕುಬಿಟ್ಟು ಈ ಕಂಬಗಳಾಗಿ ನಿಂತಿದೆ. ಪ್ರತಿ ತಂಡವೂ ಹತ್ತು ಕಂಬಗಳ ಅಗಲವನ್ನು ಅಳೆದು, ಐದು, ಆರು, ಏಳು ಮುಖಗಳವು ಎಷ್ಟೆಷ್ಟೆಂದು ಕೋಷ್ಟಕದಲ್ಲಿ ಬರೆಯಲಿ. ಎಲ್ಲವೂ ಷಡ್ಭುಜಗಳೆಂದು ಪಠ್ಯದ ಚಿತ್ರ ನೋಡಿ ನಂಬಿದವರಿಗೆ ಇದೇ ನಿಜವಾದ ಪಾಠ. ಅನಂತರ ಬಂಡೆಗಳ ನಡುವಿನ ನೀರಗುಂಡಿಗಳಲ್ಲಿ ಏಡಿ, ಪಾಚಿಗಳನ್ನು ಮುಟ್ಟದೆ ಗುರುತಿಸಬೇಕು. ಚಿಪ್ಪುಗಳನ್ನು ಚಿತ್ರಿಸಿಕೊಂಡು ಅಲ್ಲಿಯೇ ಬಿಡಬೇಕು. ಕಲ್ಲು ಜಾರುವುದರಿಂದ ಹಿಡಿತವುಳ್ಳ ಪಾದರಕ್ಷೆ ಕಡ್ಡಾಯ. ಕುಡಿಯುವ ನೀರನ್ನು ಜೊತೆಗೊಯ್ದು, ಕೊನೆಯ ದೋಣಿಯ ವೇಳೆಯನ್ನು ಇಳಿಯುವಾಗಲೇ ಕೇಳಿಕೊಳ್ಳಬೇಕು.