‘ಜೋಲೀನ್’ ಕಲಿತದ್ದು: ಹೆಬ್ಬೆರಳು ಮೊದಲು, ಗಂಟಲು ಆಮೇಲೆ

ಅಮೆರಿಕದ ಕಂಟ್ರಿ ಗಾಯಕಿ ಡಾಲಿ ಪಾರ್ಟನ್ ಬರೆದು ಹಾಡಿದ ‘ಜೋಲೀನ್’ಗೆ ಗಿಟಾರ್ ಹಿಡಿದವರು ಬೇಗ ಕೈಹಾಕುತ್ತಾರೆ. ಎ ಮೈನರ್, ಸಿ, ಜಿ ಎಂಬ ಮೂರು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಗೊತ್ತಿದ್ದರೆ ಹೆಚ್ಚುಕಮ್ಮಿ ಇಡೀ ಹಾಡು ನುಡಿಸಬಹುದು; ಜಿಯಿಂದ ಎ ಮೈನರ್‌ಗೆ ಮರಳುವಾಗ ನಾನು ಅಲ್ಲಲ್ಲಿ ಇ ಮೈನರ್ ಸೇರಿಸುತ್ತೇನೆ. ಗಿಟಾರ್ ಕತ್ತಿನ ಮೇಲಿನ ನಾಲ್ಕನೆಯ ಅಡ್ಡಪಟ್ಟಿ, ಅಂದರೆ ಫ್ರೆಟ್‌ಗೆ ಕೇಪೋ (ಎಲ್ಲ ತಂತಿಗಳನ್ನೂ ಒತ್ತಿ ಶ್ರುತಿ ಏರಿಸುವ ಹಿಡಿಕೆ) ಹಾಕಿದರೆ ಮೂಲ ರೆಕಾರ್ಡಿನ ಸಿ ಶಾರ್ಪ್ ಮೈನರ್ ಸಿಗುತ್ತದೆ. ನನ್ನ ಗಂಟಲಿಗೆ ಅದು ಎತ್ತರ, ಎರಡನೆಯ ಫ್ರೆಟ್ ಸಾಕು.

ಕಷ್ಟವಿರುವುದು ಬಲಗೈಯ ಹೆಬ್ಬೆರಳಲ್ಲಿ. ಕೆಂಟಕಿಯ ಮರ್ಲ್ ಟ್ರಾವಿಸ್ ಹೆಸರಿನಿಂದ ‘ಟ್ರಾವಿಸ್ ಪಿಕಿಂಗ್’ ಎಂದೇ ಕರೆಯುವ ಶೈಲಿ ಇದು: ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಎಡೆಬಿಡದೆ ತಾಳ ಹಾಕುತ್ತಿರಬೇಕು, ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ಅದರ ನಡುನಡುವೆ ಬೀಳಬೇಕು. ಎ ಮೈನರ್, ಸಿ ಎರಡಕ್ಕೂ ಐದನೆಯ ಮತ್ತು ನಾಲ್ಕನೆಯ ತಂತಿ. ಜಿ ಬಂದಾಗ ಆರನೆಯದಕ್ಕೆ ಹೋಗಬೇಕು. ಎ ಮೈನರ್‌ನಿಂದ ಸಿಗೆ ಉಂಗುರ ಬೆರಳೊಂದು ಸರಿದರೆ ಆಯಿತು. ಸಿಯಿಂದ ಜಿಗೆ ಹಾರುವಾಗಲೇ ತಾಳ ತಪ್ಪುವುದು. ಅದಕ್ಕೇ ಎಡಗೈ ಪೂರ್ತಿ ಬಿಟ್ಟು, ಖಾಲಿ ತಂತಿಗಳ ಮೇಲೆ ಹೆಬ್ಬೆರಳನ್ನು ಮಾತ್ರ ತಾಳ ಎಣಿಸುವ ಯಂತ್ರವಾದ ಮೆಟ್ರೊನೋಮ್‌ಗೆ ಕೂಡಿಸಿದೆ. ಯಾರ ಜೊತೆಗಾದರೂ ಮಾತಾಡುತ್ತಲೇ ಅದು ನಡೆಯುವಷ್ಟಾದ ಮೇಲೆ ಕಾರ್ಡ್ ಹಿಡಿದೆ.

ಮೂಲದ ವೇಗ ನಿಮಿಷಕ್ಕೆ ಸುಮಾರು 110 ತಾಳ. ನಾನು 80ರ ಆಸುಪಾಸಿನಲ್ಲಿ ಶುರುಮಾಡಿದೆ. ನಿಮಿಷಕ್ಕೆ 45 ಸುತ್ತು ತಿರುಗುವ ಈ ರೆಕಾರ್ಡನ್ನು 33ರಲ್ಲಿ ತಿರುಗಿಸಿದರೂ ವೇಗ ಹತ್ತಿರ ಹತ್ತಿರ ಅಷ್ಟಕ್ಕೇ ಇಳಿಯುತ್ತದೆ, ಶ್ರುತಿಯೂ ತಗ್ಗುತ್ತದೆ. ಹಾಗೆ ನಿಧಾನ ಮಾಡಿದ್ದು ಇಂಟರ್‌ನೆಟ್‌ನಲ್ಲಿ ಸಿಗುತ್ತದೆ, ಒಮ್ಮೆ ಕೇಳಿ. ಯಾವ ಬೆರಳು ಎಲ್ಲಿ ಬೀಳುತ್ತಿದೆ ಎಂಬುದು ಬಿಡಿಬಿಡಿಯಾಗಿ ಕಿವಿಗೆ ಸಿಗುತ್ತದೆ.

ಹಾಡುವುದು ಇನ್ನೊಂದು ಕೆಲಸ. ಡಾಲಿ ಹೇಳಿರುವ ಪ್ರಕಾರ, ತಮ್ಮ ಗಂಡನ ಕಡೆ ಒಲವು ತೋರಿದ ಕೆಂಚುಗೂದಲಿನ ಬ್ಯಾಂಕ್ ಉದ್ಯೋಗಿಯಿಂದ ಕಥೆ ಹುಟ್ಟಿತು. ಜೋಲೀನ್ ಎಂಬ ಹೆಸರು ಸಿಕ್ಕಿದ್ದು ಆಟೋಗ್ರಾಫ್ ಕೇಳಲು ಬಂದ ಪುಟ್ಟ ಹುಡುಗಿಯಿಂದ. 1973ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಗಿ 1974ರ ಫೆಬ್ರವರಿಯಲ್ಲಿ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ತುದಿ ಮುಟ್ಟಿದ ಈ ಸಿಂಗಲ್‌ನಲ್ಲಿ ಹೆಂಡತಿ ಜಗಳಕ್ಕೆ ಹೋಗುವುದಿಲ್ಲ. ಇನ್ನೊಬ್ಬಳ ಚೆಲುವನ್ನು ಮನಸಾರೆ ಹೊಗಳಿ, ಗಂಡನನ್ನು ಕಸಿಯಬೇಡ ಎಂದು ಅವಳನ್ನೇ ಬೇಡಿಕೊಳ್ಳುತ್ತಾಳೆ. 2024ರಲ್ಲಿ ಗಾಯಕಿ ಬಿಯಾನ್ಸೆ ಈ ಹಾಡನ್ನು ತಿರುಗಿಸಿ ಎಚ್ಚರಿಕೆಯಾಗಿಸಿದರು. ಅದರ ಗತ್ತು ಬೇರೆ. ನನಗೆ ಬೇಕಾದದ್ದು ಬೇಡುವ ದನಿಯೇ.

ಆ ಹೆಸರು ಸಾಲಾಗಿ ನಾಲ್ಕು ಸಲ ಬರುತ್ತದೆ, ಕೆಳಗೆ ಎ ಮೈನರ್, ಸಿ, ಜಿ, ಮತ್ತೆ ಎ ಮೈನರ್. ನಾಲ್ಕನ್ನೂ ಒಂದೇ ಬಲದಲ್ಲಿ ಹಾಡಿದರೆ ಕೂಗಿ ಕರೆದಂತಾಗುತ್ತದೆ. ಮೂರನೆಯದರವರೆಗೆ ಒತ್ತಡ ಏರಿಸಿ ನಾಲ್ಕನೆಯದರಲ್ಲಿ ಸೋಲುವ ಹಾಗೆ ಹಾಡುತ್ತೇನೆ. ಕರ್ನಾಟಕ ಸಂಗೀತ ಕಲಿತ ಗಂಟಲಿಗೆ ಅಲ್ಲಿ ಗಮಕ ತಾನಾಗಿಯೇ ಬರುತ್ತದೆ, ಅದಕ್ಕೆ ಎಡೆಕೊಡಬಾರದು. ಸ್ವರ ನೆಟ್ಟಗೆ ನಿಂತರೇ ಅಳು ಕೇಳಿಸುವುದು. ಎಷ್ಟೇ ಭಾವ ಬಂದರೂ ಹೆಬ್ಬೆರಳು ಮಾತ್ರ ಓಡಬಾರದು.

ರೆಕಾರ್ಡಿನಲ್ಲಿ ಹಾಡು ಕ್ರಮೇಣ ಕ್ಷೀಣಿಸಿ ಮುಗಿಯುತ್ತದೆ. ಎದುರಿಗೆ ಜನ ಕೂತಿರುವಾಗ ಅದು ಕಷ್ಟ. ಕೊನೆಯ ಹೆಸರಿನ ಮೇಲೆ ಹೆಬ್ಬೆರಳನ್ನು ಇನ್ನು ನಾಲ್ಕು ಆವರ್ತ ಅದೇ ವೇಗದಲ್ಲಿ ನಡೆಸಿ, ಐದನೆಯ ತಂತಿಯ ಮೇಲೆ ತಟ್ಟನೆ ನಿಲ್ಲಿಸುತ್ತೇನೆ. ನಿಧಾನ ಮಾಡುವುದಿಲ್ಲ: ಅವಳ ಬೇಡಿಕೆಗೆ ಉತ್ತರ ಬಂದಿಲ್ಲ, ವೇಗ ಇಳಿಸಿದರೆ ಬಂದಂತೆ ಕೇಳಿಸುತ್ತದೆ.